ಫೋನು ಹಿಡಿದ ಕೈ, ಹೊಸಿಲಲ್ಲಿ ನಿಂತ ಕಾಲು

ಮಕ್ಕಳೇ, ಈ ವಾರ ನಿಮಗೊಂದು ಸುಳ್ಳಿನ ಕಥೆ ಹೇಳುತ್ತೇನೆ. ಸುಳ್ಳು ಹೇಳಿದವನು ಬೇರೆ ಯಾರೂ ಅಲ್ಲ, ನಾನೇ. 34 ವರ್ಷ ಮೇಷ್ಟ್ರಾಗಿದ್ದು, ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ಆರನೇ ಕ್ಲಾಸಿನ ನನ್ನ ಮೊಮ್ಮಗಳು ಪುಟ್ಟಿ.

ಶುರುವಾದದ್ದು ಅಕ್ಷರದಿಂದ. ಎರಡು ವರ್ಷದ ಹಿಂದೆ ಪುಟ್ಟಿಗೆ ಕಾಪಿ ಬರೆಯಲು ಮಾದರಿ ಸಾಲು ಬರೆದುಕೊಟ್ಟೆ. ಅವಳು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಹೇಳಿದಳು:

"ಅಜ್ಜಾ, ನೀನು ಬರೆದದ್ದು ಸಾಲಿನ ಶುರುವಿನಲ್ಲಿ ಕಟ್ಟಿರುವೆ. ಕೊನೆಗೆ ಹೋಗೋ ಹೊತ್ತಿಗೆ ಸಣ್ಣಿರುವೆ!"

ನಾನು ನಕ್ಕುಬಿಟ್ಟೆ. ಆದರೆ ಅವಳು ಹೇಳಿದ್ದು ನಿಜ. ನನ್ನ ದುಂಡು ಅಕ್ಷರ ಸಾಲು ಮುಂದುವರಿದ ಹಾಗೆ ಕುಗ್ಗುತ್ತಿತ್ತು. ಸ್ವಲ್ಪ ದಿನಕ್ಕೆ ಸುಮ್ಮನೆ ಕೂತಾಗ ಬಲಗೈ ಹೆಬ್ಬೆರಳು, ಜಪಮಣಿ ಎಣಿಸಿದ ಹಾಗೆ ತನ್ನಷ್ಟಕ್ಕೆ ಆಡತೊಡಗಿತು. ಅಂಗಿಯ ಗುಂಡಿ ಹಾಕಲು ಕಾಲು ಗಂಟೆ ಬೇಕಾಯಿತು. "ನಿಮ್ಮ ಮುಖದಲ್ಲಿ ನಗುವೇ ಇಲ್ಲ, ಯಾಕೆ ಸಿಟ್ಟು?" ಎಂದು ನನ್ನವಳು ಕೇಳುತ್ತಿದ್ದಳು. ಸಿಟ್ಟು ಇರಲಿಲ್ಲ. ಮುಖದ ಸ್ನಾಯುಗಳೇ ಮೊದಲಿನಷ್ಟು ಆಡುತ್ತಿರಲಿಲ್ಲ.

ಮಗ ರಾತ್ರಿ ಬಸ್ಸು ಹತ್ತಿಸಿ ಬೆಂಗಳೂರಿಗೆ ಕರೆದುಕೊಂಡು ಹೋದ. ಅಲ್ಲಿ ನರರೋಗದ ಡಾಕ್ಟರಮ್ಮ ಕೈ ಮಡಿಸಿ ಬಿಡಿಸಿ, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ, ಹಿಂದಿನಿಂದ ಭುಜ ಎಳೆದು ನೋಡಿ, ಸಾವಕಾಶವಾಗಿ ಹೇಳಿದರು: "ಮೇಷ್ಟ್ರೇ, ಇದು ಪಾರ್ಕಿನ್ಸನ್ ಕಾಯಿಲೆ." ನಮ್ಮ ಹಿರಿಯರು ಕಂಪವಾತ ಎನ್ನುತ್ತಿದ್ದದ್ದು ಇದನ್ನೇ.

ಮಕ್ಕಳೇ, ಇದೇನು ಕಾಯಿಲೆ ಎಂದು ಕೇಳುತ್ತೀರಿ. ಬಾವಿಯ ರಾಟೆ ನೋಡಿದ್ದೀರಲ್ಲ? ಎಣ್ಣೆ ಇದ್ದರೆ ಹಗ್ಗ ನಯವಾಗಿ ಓಡುತ್ತದೆ. ಒಣಗಿದರೆ ಕಿರುಗುಟ್ಟುತ್ತದೆ, ತಡೆಯುತ್ತದೆ. ನಮ್ಮ ಮಿದುಳಿನ ಆಳದಲ್ಲಿ ಕಪ್ಪು ಬಣ್ಣದ ಒಂದು ಪುಟ್ಟ ಜಾಗವಿದೆ. ಅಲ್ಲಿನ ಜೀವಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಕೈಕಾಲು ನಯವಾಗಿ ಆಡಲು ಅದು ಬೇಕು. ಆ ಕೋಶಗಳು ಒಂದೊಂದಾಗಿ ಸಾಯುತ್ತಾ ಬಂದರೆ ಮೈ ಎಣ್ಣೆ ಆರಿದ ರಾಟೆಯಾಗುತ್ತದೆ. ಇದು ಅಂಟುರೋಗವಲ್ಲ. ಅಜ್ಜನ ಲೋಟದಲ್ಲಿ ನೀರು ಕುಡಿದರೆ ನಿಮಗೆ ಬರುವುದಿಲ್ಲ.

ಇದಕ್ಕೆ ಮುಖ್ಯವಾದ ಮದ್ದು ಲೆವೊಡೋಪ. ಅದು ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ನಮ್ಮ ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಗೊತ್ತಲ್ಲ? ಅದರ ಬೀಜದಲ್ಲೂ ಲೆವೊಡೋಪ ಇದೆ! ಹಾಗೆಂದು ಬೀಜ ಕುಟ್ಟಿ ತಿನ್ನಲು ಹೋಗಬೇಡಿ. ಮಾತ್ರೆಯಲ್ಲಿ ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಬೀಜದ ಮೇಲೆ ಯಾರೂ ಬರೆದಿಟ್ಟಿಲ್ಲ.

ಈ ಕಾಯಿಲೆಗೆ ಹೆಸರು ಕೊಟ್ಟ ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನ ವೈದ್ಯ. 1817ರಲ್ಲಿ ಆತ ನಡುಗುವ ಕಾಯಿಲೆಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಅದರಲ್ಲಿ ಆರು ರೋಗಿಗಳ ವಿವರವಿದೆ. ಸ್ವಾರಸ್ಯ ಏನು ಗೊತ್ತೆ? ಆ ಆರರಲ್ಲಿ ಇಬ್ಬರು ಅವನಿಗೆ ಬೀದಿಯಲ್ಲಿ ಎದುರಾದವರು. ಇನ್ನೊಬ್ಬನನ್ನಂತೂ ಅವನು ನೋಡಿದ್ದೇ ದೂರದಿಂದ. ಬಾಗಿದ ಬೆನ್ನು, ನಡುಗುವ ಕೈ, ಓಡಿದಂತಿರುವ ಪುಟ್ಟ ಹೆಜ್ಜೆ, ಇಷ್ಟನ್ನೂ ಕಣ್ಣಿನಿಂದಲೇ ಹಿಡಿದ. ಆದರೆ ಮೈಯ ಬಿಗಿತ ಅವನ ಲೆಕ್ಕಕ್ಕೆ ಬರಲಿಲ್ಲ. ಅದು ಕೈಯಿಂದ ಮುಟ್ಟಿ ಮಡಿಸಿ ನೋಡಿದರೆ ತಿಳಿಯುವಂಥದ್ದು. ಅದನ್ನು ಸೇರಿಸಿ, ಕಾಯಿಲೆಗೆ ಪಾರ್ಕಿನ್ಸನ್ನನ ಹೆಸರಿಟ್ಟವನು ಮುಂದೆ ಬಂದ ಫ್ರಾನ್ಸಿನ ವೈದ್ಯ ಷಾರ್ಕೊ. ದೂರದಿಂದ ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂಬ ಮಾತು ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಮೊದಲ ವರ್ಷ ಮೂರು ಸಲ ಬೆಂಗಳೂರಿಗೆ ಹೋದೆವು. ಘಾಟಿಯ ತಿರುವುಗಳಲ್ಲಿ ರಾತ್ರಿಯೆಲ್ಲ ಕೂತು ಮೈ ಮರದ ಕೊರಡಾಗುತ್ತಿತ್ತು. ಬಸ್ಸು ನಿಲ್ಲಿಸಿದಲ್ಲಿ ಹತ್ತು ನಿಮಿಷದಲ್ಲಿ ಇಳಿದು ಹತ್ತುವುದು ನನ್ನಂಥವನಿಗೆ ಆಗದ ಮಾತು ಎಂದು ಸಂಜೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಮಾತ್ರೆಯ ಹೊತ್ತು ತಪ್ಪುತ್ತಿತ್ತು. ಮಗನಿಗೆ ಎರಡು ದಿನದ ಕೆಲಸ ಹೋಗುತ್ತಿತ್ತು. ಇಷ್ಟೆಲ್ಲ ಆಗಿ ಡಾಕ್ಟರ ಎದುರು ಕೂರುವುದು ಹದಿನೈದು ನಿಮಿಷ.

ಡಾಕ್ಟರಮ್ಮನೇ ಹೇಳಿದರು: "ವರ್ಷಕ್ಕೊಮ್ಮೆ ಇಲ್ಲಿಗೆ ಬನ್ನಿ. ನಡುವೆ ವಿಡಿಯೊ ಕಾಲ್‌ನಲ್ಲಿ ನೋಡೋಣ."

ಹೀಗೆ ದೂರದಿಂದ ನೋಡುವುದಕ್ಕೆ ನಿಯಮಗಳಿವೆ. ಕೊರೊನಾ ಲಾಕ್‌ಡೌನ್ ಶುರುವಾದ ದಿನವೇ, ಅಂದರೆ 2020ರ ಮಾರ್ಚ್ 25ರಂದು, ನಮ್ಮ ದೇಶದಲ್ಲಿ ಅವು ಪ್ರಕಟವಾದವು. ನೋಂದಾಯಿತ ವೈದ್ಯರೇ ನೋಡಬೇಕು. ಕೊಟ್ಟ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ವಿಡಿಯೊದಲ್ಲಿ ನೋಡಿದ್ದು ಸಾಲದು ಎನಿಸಿದರೆ "ಆಸ್ಪತ್ರೆಗೇ ಬನ್ನಿ" ಎನ್ನುವ ಹಕ್ಕು ಅವರಿಗಿದೆ.

ಮೊದಲ ವಿಡಿಯೊ ಭೇಟಿಯ ದಿನ ನಮ್ಮ ಮನೆಯಲ್ಲಿ ನೆಂಟರು ಬರುವ ಸಂಭ್ರಮ. ನಮ್ಮೂರಿನಲ್ಲಿ ಸಿಗ್ನಲ್ ಸಿಗುವುದು ಜಗಲಿಯ ತೆಂಕಣ ಮೂಲೆಯಲ್ಲಿ ಮಾತ್ರ. ಅಲ್ಲಿಯೇ ಕುರ್ಚಿ ಹಾಕಿದೆವು. ನಾನು ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ಮಾತ್ರೆ ನುಂಗಿ ಒಂದು ಗಂಟೆಯಾದ ಮೇಲೆ, ಮೈ ಹಗುರಾಗಿದ್ದ ಹೊತ್ತು ನೋಡಿ ಕೂತೆ. ಪುಟ್ಟಿ ಫೋನು ಹಿಡಿದು ಎದುರಿಗೆ ನಿಂತಳು.

"ಹೆಬ್ಬೆರಳು, ತೋರುಬೆರಳು ಅಗಲ ಮಾಡಿ ಬೇಗ ಬೇಗ ತಟ್ಟಿ" ಎಂದರು ಡಾಕ್ಟರಮ್ಮ. ತಟ್ಟಿದೆ. ಮುಷ್ಟಿ ತೆರೆದು ಮುಚ್ಚಿದೆ. ಹಿಮ್ಮಡಿ ಊರಿ ಪಾದ ತಟ್ಟಿದೆ. ಕೈ ಕಟ್ಟಿಕೊಂಡು ಕುರ್ಚಿಯಿಂದ ಎದ್ದೆ. ಕಾಗದದ ಮೇಲೆ ಚಕ್ಕುಲಿ ಬರೆದು ತೋರಿಸಿದೆ. ಅದು ಸುಮಾರಾಗಿ ಚಕ್ಕುಲಿಯಂತೆಯೇ ಇತ್ತು. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದು ತಿರುಗಿ ಬಂದೆ. ಚೆನ್ನಾಗಿಯೇ ನಡೆದೆ.

"ಎಲ್ಲಾದರೂ ಬಿದ್ದಿದ್ದೀರಾ ಮೇಷ್ಟ್ರೇ?"

"ಇಲ್ಲ ಅಮ್ಮ."

ಫೋನು ಸ್ವಲ್ಪ ಅಲುಗಿತು. ಪುಟ್ಟಿಯ ಕೈ ಅಲುಗಿತ್ತು.

ಯಾಕೆಂದರೆ ನಾನು ಎರಡು ಸಲ ಬಿದ್ದಿದ್ದೆ. ಎರಡೂ ಸಲ ಬಚ್ಚಲುಮನೆಯ ಹೊಸಿಲಿನಲ್ಲಿ, ಬೆಳಗಿನ ಜಾವ. ನಡುಮನೆಯಲ್ಲಿ ಸರಿಯಾಗಿ ನಡೆದು ಬರುತ್ತಿದ್ದೆ. ಹೊಸಿಲು ಬಂತು ಎನ್ನುವಾಗ ಕಾಲು ನಿಂತುಬಿಡುತ್ತಿತ್ತು. ಅಂಗಾಲಿಗೆ ಹಲಸಿನ ಮೇಣ ಮೆತ್ತಿದ ಹಾಗೆ. ಮೈ ಮುಂದೆ ಹೋಗುತ್ತಿತ್ತು, ಪಾದ ಹಿಂದೆ ಉಳಿಯುತ್ತಿತ್ತು. ಎರಡನೇ ಸಲ ಬಿದ್ದಾಗ ಹಂಡೆ ಒಲೆಯ ಬೆಂಕಿ ಒಂದು ಮಾರು ದೂರದಲ್ಲಿತ್ತು. ಎಬ್ಬಿಸಿದವಳು ಪುಟ್ಟಿ. "ಅಜ್ಜಿಗೆ, ಅಪ್ಪನಿಗೆ ಹೇಳಬೇಡ" ಎಂದು ಅವಳ ಕೈಗೆ ಕೊಬ್ಬರಿ ಮಿಠಾಯಿ ಕೊಟ್ಟು ಮಾತು ತೆಗೆದುಕೊಂಡಿದ್ದೆ.

ಯಾಕೆ ಹೇಳಲಿಲ್ಲ ಎಂದು ಮಕ್ಕಳು ಕೇಳಬಹುದು. ಅಜ್ಜಂದಿರು ಕೇಳುವುದಿಲ್ಲ, ಅವರಿಗೆ ಗೊತ್ತು. ಬಿದ್ದೆ ಎಂದರೆ ತೋಟಕ್ಕೆ ಹೋಗಬೇಡಿ ಎನ್ನುತ್ತಾರೆ. ಆಮೇಲೆ ಅಂಗಳಕ್ಕೆ ಬೇಡ ಎನ್ನುತ್ತಾರೆ. ಆಮೇಲೆ ಮಂಚದಿಂದ ಏಳಬೇಡಿ ಎನ್ನುತ್ತಾರೆ. ಅದಕ್ಕೆ ಹೆದರಿದೆ.

ಡಾಕ್ಟರಮ್ಮ ಸಂತೋಷಪಟ್ಟು, ಅದೇ ಮಾತ್ರೆ ಮುಂದುವರಿಸಿ ಎಂದರು. ನಾನು ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ಬೀಗಿದೆ.

ರಾತ್ರಿ ಊಟಕ್ಕೆ ಪುಟ್ಟಿ ಬರಲಿಲ್ಲ. ಜಗಲಿಯ ಮೂಲೆಯಲ್ಲಿ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ.

"ಅಜ್ಜಾ, ನಾನು ಯಾರಿಗೂ ಹೇಳಲಿಲ್ಲ" ಎಂದಳು.

"ಜಾಣೆ."

"ಜಾಣೆ ಅಲ್ಲ. ಡಾಕ್ಟರು ದೂರ ಇದ್ದಾರೆ. ಅವರಿಗೆ ಕಾಣೋದು ನಾನು ಫೋನು ತಿರುಗಿಸಿದ ಕಡೆ ಮಾತ್ರ. ನಾನು ಜಗಲಿ ತೋರಿಸಿದೆ, ಬಚ್ಚಲುಮನೆ ತೋರಿಸಲಿಲ್ಲ. ನೀನು ಬಾಯಲ್ಲಿ ಸುಳ್ಳು ಹೇಳಿದೆ. ನಾನು ಕೈಯಲ್ಲಿ ಹೇಳಿದೆ." ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ನಾನು ಶಾಲೆಗೆ ಹೋದಾಗ ನೀನು ಒಲೆ ಮೇಲೆ ಬಿದ್ದರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಹನ್ನೊಂದು ವರ್ಷದ ಮಗುವಿನ ತಲೆಯ ಮೇಲೆ ಎಂಥ ಹೊರೆ ಹೊರಿಸಿದ್ದೆ! ನಾನು ಪಕ್ಕದಲ್ಲಿ ಬಿದ್ದೇನೆಯೋ ಎಂದು ಅವಳು ದಿನಾ ಬೆಳಿಗ್ಗೆ ನನಗಿಂತ ಮೊದಲು ಏಳುತ್ತಿದ್ದಳಂತೆ. ಅದು ನನಗೆ ಆಗ ತಿಳಿಯಿತು.

ಅಂದೇ ರಾತ್ರಿ ಎಲ್ಲರ ಎದುರು ಹೇಳಿಬಿಟ್ಟೆ. ಮಗ ಮಾತಾಡಲಿಲ್ಲ. ನನ್ನವಳು ಮಾತ್ರ ಮಜ್ಜಿಗೆ ಬಡಿಸುತ್ತಾ ಹೇಳಿದಳು: "ನನಗೆ ಗೊತ್ತಿತ್ತು. ನಿಮ್ಮ ಪಂಚೆಗೆ ಮೆತ್ತಿದ ಬಚ್ಚಲ ಮಸಿ ತೊಳೆದವಳು ನಾನೇ ಅಲ್ವಾ? ನೀವಾಗಿ ಹೇಳ್ತೀರೇನೋ ಅಂತ ಕಾದೆ."

ಮಾರನೇ ದಿನ ಆಸ್ಪತ್ರೆಗೆ ಫೋನು ಮಾಡಿ ಮತ್ತೆ ಸಮಯ ಕೇಳಿದೆವು. ಬಚ್ಚಲುಮನೆಯ ಹತ್ತಿರ ಸಿಗ್ನಲ್ ಇಲ್ಲವಲ್ಲ? ಅದಕ್ಕೆ ಪುಟ್ಟಿಯೇ ಉಪಾಯ ಹೇಳಿದಳು. ಬೆಳಿಗ್ಗೆ ಆರೂವರೆಗೆ, ನಾನು ಮಾತ್ರೆ ನುಂಗುವ ಮೊದಲು, ಹೊಸಿಲಿನ ಹತ್ತಿರ ನಡೆಯುವುದನ್ನು ಫೋನಿನಲ್ಲಿ ಚಿತ್ರ ತೆಗೆದಳು. ಮಗ ನನ್ನ ರಟ್ಟೆಯ ಹತ್ತಿರ ಕೈಯಿಟ್ಟು ಜೊತೆಗಿದ್ದ. ಒಂದು ವಾರ ನೋಟುಬುಕ್ಕಿನಲ್ಲಿ ಗೆರೆ ಹಾಕಿ ಬರೆದಳು: ಮಾತ್ರೆ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ, ಅಜ್ಜನ ಕಾಲು ಅಂಟಿದ್ದು ಎಷ್ಟು ಹೊತ್ತಿಗೆ.

ಚಿತ್ರ ನೋಡಿದ ಡಾಕ್ಟರಮ್ಮ ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. "ಮೇಷ್ಟ್ರೇ, ನೀವು ಬೆಂಗಳೂರಿಗೆ ಬಂದಿದ್ದರೂ ನನಗೆ ಇದು ಕಾಣುತ್ತಿರಲಿಲ್ಲ. ನಮ್ಮ ಆಸ್ಪತ್ರೆಯ ಉದ್ದ ಪಡಸಾಲೆಯಲ್ಲಿ ಹೊಸಿಲೇ ಇಲ್ಲ. ಅಲ್ಲಿ ಎಲ್ಲರೂ ಚೆನ್ನಾಗಿಯೇ ನಡೆಯುತ್ತಾರೆ" ಎಂದರು. ಬಾಗಿಲು, ಇಕ್ಕಟ್ಟಾದ ಜಾಗ, ತಿರುವು, ಇವುಗಳಲ್ಲಿ ಕಾಲು ಹೀಗೆ ಅಂಟಿಕೊಳ್ಳುವುದು ಈ ಕಾಯಿಲೆಯ ಗುಣವಂತೆ.

ಆಮೇಲೆ ಪುಟ್ಟಿಯ ನೋಟುಬುಕ್ಕು ಓದಿಸಿದರು. ಕಾಲು ಅಂಟುತ್ತಿದ್ದದ್ದು ಹೆಚ್ಚಾಗಿ ರಾತ್ರಿಯ ಮಾತ್ರೆಯ ಗುಣ ಇಳಿದು, ಬೆಳಗಿನ ಮಾತ್ರೆ ಇನ್ನೂ ಒಳಗೆ ಹೋಗದ ಹೊತ್ತಿನಲ್ಲಿ. ಬೆಳಗಿನ ಮಾತ್ರೆಯನ್ನೂ ನಾನು ಎಂಟು ಗಂಟೆಗೆ ಹಾಲು ಹಾಕಿದ ರಾಗಿ ಗಂಜಿಯ ಜೊತೆ ನುಂಗುತ್ತಿದ್ದೆ. ಹಾಲು, ಬೇಳೆಯಲ್ಲಿರುವ ಪ್ರೋಟೀನು ಲೆವೊಡೋಪದ ದಾರಿಗೆ ಅಡ್ಡ ಬರುತ್ತದೆ. ಹಾಗಾಗಿ ಎದ್ದ ಕೂಡಲೇ ಮಂಚದಲ್ಲಿ ಕೂತೇ ನೀರಿನ ಜೊತೆ ಮಾತ್ರೆ, ಮುಕ್ಕಾಲು ಗಂಟೆ ಬಿಟ್ಟು ಬಚ್ಚಲುಮನೆ, ಆಮೇಲೆ ಗಂಜಿ ಎಂದು ಬದಲಿಸಿದರು. ಮಾತ್ರೆ ಹೆಚ್ಚಾಗಲಿಲ್ಲ, ಹೊತ್ತು ಬದಲಾಯಿತು. ಇದು ನನಗೆ ಹೇಳಿದ್ದು. ನೀವು ನಿಮ್ಮ ಡಾಕ್ಟರನ್ನು ಕೇಳದೆ ಹೊತ್ತು ಬದಲಿಸಬೇಡಿ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದಂತೂ ಅಪಾಯ.

ಇನ್ನೊಂದು ಮದ್ದು ಕೊಟ್ಟರು. ಅದಕ್ಕೆ ಮೆಡಿಕಲ್ ಶಾಪಿಗೆ ಹೋಗಬೇಕಾಗಿರಲಿಲ್ಲ. "ಹೊಸಿಲಿನ ಈಚೆ ಆಚೆ, ಹೆಜ್ಜೆಗೊಂದರಂತೆ ಅಡ್ಡಗೆರೆ ಹಾಕಿ. ಕಾಲು ಅಂಟಿದಾಗ ಗೆರೆ ನೋಡಿ, ಅದನ್ನು ದಾಟಿ." ತಾನಾಗಿ ನಡೆಯುವ ಅಭ್ಯಾಸದ ದಾರಿ ಮಿದುಳಿನಲ್ಲಿ ಕೆಟ್ಟಿದ್ದರೂ, ಕಣ್ಣಿಗೆ ಕಾಣುವ ಗುರಿಯನ್ನು ನೋಡಿ ಹೆಜ್ಜೆ ಇಡುವ ದಾರಿ ಬೇರೆ ಇದೆಯಂತೆ. ನನ್ನವಳು ಕೂಡಲೇ ರಂಗೋಲಿ ಡಬ್ಬಿ ತಂದಳು. "ಬೇಡ, ಪುಡಿ ಜಾರುತ್ತದೆ" ಎಂದು ಫೋನಿನಿಂದಲೇ ತಡೆದರು. ಮಗ ಕರೆಂಟಿನ ಕೆಲಸಕ್ಕೆ ತಂದಿಟ್ಟ ಬಿಳಿ ಟೇಪನ್ನು ಪುಟ್ಟಿ ಕೆಂಪು ಗಾರೆ ನೆಲಕ್ಕೆ ನಾಲ್ಕು ಗೆರೆಯಾಗಿ ಅಂಟಿಸಿದಳು. ಗೋಡೆಗೆ ಹಿಡಿಕೆ ಬಂತು. ಹಂಡೆ ಒಲೆಗೆ ಅಡ್ಡಲಾಗಿ ಮೊಣಕಾಲೆತ್ತರದ ಕಟ್ಟೆ ಬಂತು.

"ಇದು ಅಜ್ಜನ ಕುಂಟಾಬಿಲ್ಲೆ" ಎಂದು ಪುಟ್ಟಿ ಹೆಸರಿಟ್ಟಿದ್ದಾಳೆ. ಬೆಳಿಗ್ಗೆ "ಒಂದು, ಎರಡು" ಎಂದು ನಾನು ಎಣಿಸುವುದು ಕೇಳಿ ಅವಳು ಹಾಸಿಗೆಯಲ್ಲೇ ಮಗ್ಗುಲು ಬದಲಿಸುತ್ತಾಳೆ. ಈಗ ನನಗಿಂತ ಮೊದಲು ಏಳುವುದಿಲ್ಲ.

ಎಲ್ಲ ಸರಿಹೋಯಿತು ಎಂದರೆ ಅದೂ ಸುಳ್ಳಾಗುತ್ತದೆ. ಈಗಲೂ ಕೆಲವು ದಿನ ಗೆರೆ ನೋಡಿದರೂ ಕಾಲು ಏಳುವುದಿಲ್ಲ. ಆಗ ಗೋಡೆ ಹಿಡಿದು ನಿಂತು ಕರೆಯುತ್ತೇನೆ. ಕರೆಯುವುದನ್ನು ಕಲಿತಿದ್ದೇನೆ. ಮಳೆಗಾಲದಲ್ಲಿ ಕರೆಂಟು ಹೋಗಿ ಒಂದು ಭೇಟಿ ಅರ್ಧದಲ್ಲೇ ಕಡಿದುಹೋಯಿತು. ಮೈಯ ಬಿಗಿತ ಎಷ್ಟಿದೆ ಎಂದು ಫೋನಿನಲ್ಲಿ ತಿಳಿಯುವುದಿಲ್ಲ. ಹಿಂದಿನಿಂದ ಭುಜ ಎಳೆದು ನೋಡುವ ಪರೀಕ್ಷೆಯನ್ನು ಮನೆಯವರು ಮಾಡಲೇಬಾರದು. ಎರಡು ನೂರು ವರ್ಷದ ಹಿಂದೆ ಬೀದಿಯಲ್ಲಿ ನಿಂತು ನೋಡಿದ ಪಾರ್ಕಿನ್ಸನ್ನನ ಕಣ್ಣಿಗೆ ತಪ್ಪಿದ್ದೇ ಇಂದಿನ ಕ್ಯಾಮೆರಾಕ್ಕೂ ತಪ್ಪುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ರಾತ್ರಿ ಬಸ್ಸು ಹತ್ತುತ್ತೇನೆ.

ನಿಮ್ಮ ಮನೆಯಲ್ಲೂ ಹೀಗೆ ವಿಡಿಯೊದಲ್ಲಿ ಡಾಕ್ಟರನ್ನು ಕಾಣುವವರಿದ್ದರೆ, ನಾವು ಪೆಟ್ಟು ತಿಂದು ಕಲಿತ ನಾಲ್ಕು ಮಾತು ಕೇಳಿ.

ಮೊದಲನೆಯದು, ಹಿಂದಿನ ದಿನವೇ ಪ್ರಶ್ನೆಗಳನ್ನು ಬರೆದಿಡಿ. ಮಾತ್ರೆಗಳ ಪೊಟ್ಟಣ ಪಕ್ಕದಲ್ಲಿರಲಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೂತಾಗಿನ ಮತ್ತು ನಿಂತಾಗಿನ ಬಿ.ಪಿ. ಬರೆಸಿಕೊಂಡು ಬಂದರೆ ಒಳ್ಳೆಯದು.

ಎರಡನೆಯದು, ಬೆಳಕು ರೋಗಿಯ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಕಿಟಕಿ ಬೇಡ. ನಡೆಯುವಾಗ ತಲೆಯಿಂದ ಪಾದದವರೆಗೆ ಕಾಣಬೇಕು. ಫೋನು ಹಿಡಿದವರ ಜೊತೆಗೆ, ರೋಗಿಯ ಪಕ್ಕದಲ್ಲಿ ಒಬ್ಬರು ದೊಡ್ಡವರು ಇರಲೇಬೇಕು.

ಮೂರನೆಯದು ಮನೆಯ ದೊಡ್ಡವರಿಗೆ. ಡಾಕ್ಟರು ಅಜ್ಜನನ್ನು ಕೇಳಿದರೆ ಅಜ್ಜನೇ ಉತ್ತರ ಹೇಳಲಿ. ನಮ್ಮ ದನಿ ಸಣ್ಣದಾಗಿರುತ್ತದೆ, ಮಾತು ನಿಧಾನ. ಸ್ವಲ್ಪ ಕಾಯಿರಿ. ಬಿಟ್ಟದ್ದನ್ನು ಆಮೇಲೆ ಸೇರಿಸಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಒಮ್ಮೆಲೇ ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈಯೋ ಕಾಲೋ ಸೋತರೆ, ಮಾತು ತೊದಲಿದರೆ ವಿಡಿಯೊ ಕಾಲ್‌ಗೆ ಕಾಯಬೇಡಿ. ಅದು ಪಾರ್ಶ್ವವಾಯು ಇರಬಹುದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೂಡಲೇ 108ಕ್ಕೆ ಫೋನು ಮಾಡಿ. ಮಕ್ಕಳೇ, ಈ ನಂಬರು ನಿಮಗೂ ಬಾಯಿಪಾಠ ಇರಲಿ.

ಮನೆಯಲ್ಲಿ ದೊಡ್ಡ ಫೋನಿಲ್ಲದವರು, ಪುಟ್ಟಿಯಂಥವರಿಲ್ಲದ ಅಜ್ಜ ಅಜ್ಜಿಯರು ಊರಿನ ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವಿನಿಯ ಬಗ್ಗೆ ವಿಚಾರಿಸಿ. ಅದು ಸರ್ಕಾರದ ಉಚಿತ ಸೇವೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ಹೇಳುತ್ತಾರೆ.

ಮೊನ್ನೆ ಮತ್ತೆ ಭೇಟಿಯ ದಿನ ಬಂತು. "ಎಲ್ಲಾದರೂ ಬಿದ್ದಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದರು.

"ಒಂದು ಸಲ, ಅಮ್ಮ. ತೋಟದ ಸಂಕದ ಹತ್ತಿರ. ಪೆಟ್ಟಾಗಲಿಲ್ಲ" ಎಂದೆ.

ಫೋನು ಅಲುಗಲಿಲ್ಲ. ತೋಟಕ್ಕೆ ಹೋಗಬೇಡಿ ಎಂದು ಡಾಕ್ಟರಮ್ಮ ಹೇಳಲೂ ಇಲ್ಲ. "ಕೋಲು ಹಿಡಿದು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ" ಎಂದರು.

ಆ ಒಬ್ಬರು ಯಾರು ಎಂದು ನಿಮಗೆ ಗೊತ್ತೇ ಇದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಹೊರಡುತ್ತೇವೆ. ಸಂಕ ಬಂದಾಗ ನಾನು ನಿಲ್ಲುತ್ತೇನೆ. ಅವಳು ನನ್ನ ಪಾದದ ಮುಂದೆ ಒಂದು ಅಡಿಕೆ ಹಾಳೆ ಅಡ್ಡ ಹಿಡಿದು, "ಹೂಂ, ದಾಟು ಅಜ್ಜಾ" ಎನ್ನುತ್ತಾಳೆ. ದಾಟುತ್ತೇನೆ.